ಪರದೆ ಆರಿಸಿ

ಕಡಲೆಕಾಯಿ ಪೊಟ್ಟಣ ಹೊರಗಿನ ಕಿಟಕಿಕಟ್ಟೆಯ ಮೇಲಿರಲಿ. ಖಾರದ ಬನ್ನು ಒಳಗೆ ತರಬಹುದು, ಕಾಫಿ ಲೋಟವನ್ನೂ ತರಬಹುದು. ಹಲ್ಲಿಗೆ ಸಿಕ್ಕಿ ಸದ್ದು ಮಾಡುವ ತಿಂಡಿ ಮಾತ್ರ ಕೂಡದು. ಬಸವನಗುಡಿಯ ಈ ಮಹಡಿ ಕೋಣೆಯ ಕಟ್ಟುಪಾಡು ಅದೊಂದೇ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇಲ್ಲಿ ಸೇರುವವರು ಸಿನಿಮಾ ಕೇಳಲು ಬರುತ್ತಾರೆ. ಹಾಡುಗಳನ್ನಲ್ಲ, ಹಿನ್ನೆಲೆ ಸಂಗೀತವನ್ನು.

ಒಳಗೆ ಬನ್ನಿ. ಎದುರಿನ ಗೋಡೆಗೆ ಎರಡು ಹಳೇ ಸ್ಪೀಕರ್, ನಡುವೆ ಟಿ.ವಿ. ಕಿಟಕಿಗೆ ಜಮಖಾನ ಕಟ್ಟಿದ್ದಾರೆ, ಬಿಸಿಲು ತಡೆಯಲು ಅಲ್ಲ, ಬೀದಿಯ ಹಾರನ್ ತಡೆಯಲು. ಬೆತ್ತದ ಕುರ್ಚಿಯಲ್ಲಿ ಮನೆಯ ಯಜಮಾನರು, ನಿವೃತ್ತ ಮೇಷ್ಟ್ರು. ಚಾಪೆಯ ಮೇಲೆ ಅವರ ಮೊಮ್ಮಗಳು, ಬಿ.ಕಾಂ. ಓದುವವಳು. ಅವಳ ಪಕ್ಕಕ್ಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ. ಗೋಡೆಗೆ ಒರಗಿ ಕೂತವನು ಮಲ್ಪೆ ಕಡೆಯ ಹುಡುಗ, ಹೆಡ್‌ಫೋನ್ ಕೊರಳಿನಿಂದ ಇಳಿಯುವುದೇ ಇಲ್ಲ. ಮೂಲೆಯ ಸ್ಟೂಲಿನಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡ ಹಿರಿಯರನ್ನು ಎಲ್ಲರೂ ‘ಪಿಟೀಲು ಸಾರ್’ ಅನ್ನುತ್ತಾರೆ. ಮದರಾಸಿನ ಸ್ಟುಡಿಯೋಗಳಲ್ಲಿ ಸಾಲಿನಲ್ಲಿ ಕೂತು ನುಡಿಸಿದವರು.

ಇವತ್ತಿನದು ‘ಪುಷ್ಪಕ ವಿಮಾನ’. 1987ರ ಸಿನಿಮಾ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಶೃಂಗಾರ್ ನಾಗರಾಜ್ ನಿರ್ಮಾಣ, ಕಮಲ್ ಹಾಸನ್ ಮತ್ತು ಅಮಲಾ. ಮೊದಲಿನಿಂದ ಕೊನೆಯವರೆಗೆ ಪಾತ್ರಗಳು ಬಾಯಿಬಿಟ್ಟು ಮಾತಾಡುವುದಿಲ್ಲ. ಸಂಗೀತ ಎಲ್. ವೈದ್ಯನಾಥನ್ ಅವರದು. ಮೊಮ್ಮಗಳು ಇದನ್ನು ನೋಡಿಲ್ಲ ಎಂದು ಗೊತ್ತಾದದ್ದೇ ಮೇಷ್ಟ್ರ ಮುಖ ಅರಳಿತು.

“ಹಾಗಾದ್ರೆ ನೀನು ನೋಡ್ಲೇಬೇಡ ಪುಟ್ಟಿ. ಕೇಳು. ಏನಾಗ್ತಿದೆ ಅಂತ ಹೇಳ್ತಾ ಹೋಗು.”

ಟಿ.ವಿ.ಯ ಮೇಲೆ ಹಳೇ ಬೆಡ್‌ಶೀಟು ಬೀಳುತ್ತದೆ. ಕೋಣೆಯಲ್ಲಿ ಸದ್ದು ಮಾತ್ರ ಉಳಿಯುತ್ತದೆ. ಊರಿನ ಗಲಾಟೆ, ವಾಹನಗಳು, ಜನಸಂದಣಿ. ಅದರ ನಡುವೆ ವಾದ್ಯಗಳು ಬಂದು ಹೋಗುತ್ತವೆ. ಕಣ್ಣಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ಕಿವಿ ಎಷ್ಟು ಚುರುಕಾಗುತ್ತದೆ ಎಂಬುದು ಇಲ್ಲಿ ಕೂತವರಿಗೇ ಗೊತ್ತು. ವಾದ್ಯ ಎಲ್ಲಿ ಶುರುವಾಯಿತು ಎಂಬುದಕ್ಕಿಂತ ಎಲ್ಲಿ ನಿಂತಿತು ಎಂಬುದು ಮೊದಲು ತಿಳಿಯುತ್ತದೆ. ಹುಡುಗಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಾಳೆ: ದೊಡ್ಡ ಊರು, ತುಂಬ ಜನ ಒಟ್ಟಿಗಿರೋ ಮನೆ, ಯಾರೋ ಅವಸರದಲ್ಲಿದ್ದಾರೆ. ಮೇಷ್ಟ್ರು ತಲೆಯಾಡಿಸುತ್ತಾರೆ, ಸುಳಿವು ಕೊಡುವುದಿಲ್ಲ. ಒಂದೆರಡು ಕಡೆ ಅವಳು ಪೂರ್ತಿ ತಪ್ಪುತ್ತಾಳೆ. ಮಲ್ಪೆ ಹುಡುಗನಿಗೆ ತಡೆಯಲಾಗದು, ಆದರೂ ತುಟಿ ಕಚ್ಚಿ ಕೂತಿದ್ದಾನೆ.

ಆಮೇಲೆ ಆ ಜಾಗ ಬರುತ್ತದೆ. ಊರಿನ ಸದ್ದು ಹಿಂದೆ ಸರಿದು ನಿಶ್ಶಬ್ದ. ಇನ್ನಷ್ಟು ಹೊತ್ತು ಕಳೆಯುತ್ತದೆ. ಒಮ್ಮೆಲೇ ಹೊಡೆದಾಟ, ಅಬ್ಬರ.

“ತಾತ, ಬೇರೆ ಯಾವ್ದೋ ಸಿನಿಮಾಗೆ ಹೋಯ್ತಾ?”

ನಾಲ್ವರೂ ಒಟ್ಟಿಗೆ ನಕ್ಕುಬಿಡುತ್ತಾರೆ. ಅವಳು ಹೇಳಿದ್ದು ಒಂದು ರೀತಿಯಲ್ಲಿ ಸರಿಯೇ. ಮೇಷ್ಟ್ರು ಬೆಡ್‌ಶೀಟು ತೆಗೆದು ಅಷ್ಟು ಭಾಗವನ್ನು ಮತ್ತೆ ಹಾಕುತ್ತಾರೆ. ಕೆಲಸವಿಲ್ಲದ ಬಡ ಪದವೀಧರ, ಟಾಕೀಸಿನ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದವನು, ಈಗ ಶ್ರೀಮಂತನೊಬ್ಬನ ಜಾಗದಲ್ಲಿ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯ ಮೇಲಿದ್ದಾನೆ. ನಿದ್ದೆ ಬರುತ್ತಿಲ್ಲ. ರಾತ್ರಿಯಿಡೀ ಸಿನಿಮಾದ ಗದ್ದಲದಲ್ಲೇ ಮಲಗಿ ರೂಢಿಯಾದವನಿಗೆ ಈ ನಿಶ್ಶಬ್ದ ಹಿಂಸೆ. ಅದಕ್ಕೇ ಟೇಪ್ ರೆಕಾರ್ಡರ್ ಹಿಡಿದು ಹಳೇ ಕೋಣೆಗೆ ಹೋಗಿ, ಟಾಕೀಸಿನ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದು, ಹಾಸಿಗೆ ಪಕ್ಕದಲ್ಲಿ ಹಾಕಿಕೊಂಡು ಮಲಗುತ್ತಾನೆ.

ಸಾಮಾನ್ಯವಾಗಿ ಈ ದೃಶ್ಯವನ್ನು ಜನ ತಮಾಷೆಯೆಂದು ನೆನೆಯುತ್ತಾರೆ. ನನಗೆ ಇದು ಇಡೀ ಸಿನಿಮಾದ ಜೀವ. ಮಾತಿಲ್ಲದ ಚಿತ್ರದಲ್ಲಿ ಸಂಗೀತಗಾರನಿಗೆ ದೊಡ್ಡ ಆಮಿಷವೊಂದಿರುತ್ತದೆ: ಎಲ್ಲ ಮಾತನ್ನೂ ವಾದ್ಯಗಳ ಬಾಯಲ್ಲಿ ಆಡಿಸಿಬಿಡುವುದು. ವೈದ್ಯನಾಥನ್ ಹಾಗೆ ಮಾಡಲಿಲ್ಲ. ಬೀದಿಗೆ, ಬಾಗಿಲಿಗೆ, ನಾಣ್ಯದ ಸದ್ದಿಗೆ ಜಾಗ ಬಿಟ್ಟರು.

“ಅದೇ ಕಷ್ಟ,” ಪಿಟೀಲು ಸಾರ್ ಮೊದಲ ಸಲ ಬಾಯಿ ತೆರೆಯುತ್ತಾರೆ. “ಮಾತಿರೋ ಸಿನಿಮಾದಲ್ಲಿ ಡೈಲಾಗ್ ಬಂತು ಅಂದ್ರೆ ನಾವು ತಗ್ಗಬೇಕು. ಎಲ್ಲಿ ತಗ್ಗಬೇಕು, ಎಲ್ಲಿ ಏಳಬೇಕು ಅನ್ನೋದನ್ನ ಡೈಲಾಗೇ ಹೇಳ್ಕೊಡುತ್ತೆ. ಇಲ್ಲಿ ಹೇಳ್ಕೊಡೋರು ಯಾರೂ ಇಲ್ಲ. ನಿಲ್ಲಿಸೋದನ್ನ ಮ್ಯೂಸಿಕ್ ಡೈರೆಕ್ಟರೇ ತೀರ್ಮಾನ ಮಾಡ್ಬೇಕು.”

ಅವರು ಕಾಫಿ ಲೋಟ ಕೆಳಗಿಟ್ಟು ‘ಆರ್‌ಆರ್’ ಎಂದರೆ ಏನೆಂದು ಹುಡುಗಿಗೆ ಹೇಳುತ್ತಾರೆ. ರೀ-ರೆಕಾರ್ಡಿಂಗ್. ಸಾವಿರ ಅಡಿಯ ಒಂದು ರೀಲು, ಓಡಿದರೆ ಹನ್ನೊಂದು ನಿಮಿಷ. ಸಂಗೀತ ನಿರ್ದೇಶಕರು ರೀಲು ನೋಡುತ್ತಿದ್ದರು, ಪಕ್ಕದಲ್ಲಿ ಸಹಾಯಕರು ಸ್ಟಾಪ್‌ವಾಚ್ ಹಿಡಿದು ಹೊತ್ತು ಬರೆದುಕೊಳ್ಳುತ್ತಿದ್ದರು, ಬರೆದ ನೊಟೇಶನ್ನು ಬಿಸಿಬಿಸಿಯಾಗಿ ಒಬ್ಬೊಬ್ಬರ ಸ್ಟ್ಯಾಂಡಿಗೆ ಬರುತ್ತಿತ್ತು. ಪರದೆ ಕಂಡಕ್ಟರ್ ಎದುರಿಗೆ, ವಾದ್ಯದವರ ಬೆನ್ನಿಗೆ. ಬೆರಳೆತ್ತಿ ಒನ್, ಟೂ, ತ್ರೀ, ಫೋರ್. ಮೂರನೇ ನಿಮಿಷದಲ್ಲಿ ಒಬ್ಬರ ಕಮಾನು ಜಾರಿದರೆ ಎಲ್ಲರೂ ಮತ್ತೆ ಮೊದಲಿಂದ.

“ಅಂದ್ರೆ ನೀವು ಸಿನಿಮಾ ನೋಡ್ತಿರ್ಲಿಲ್ವಾ?”

“ಎಲ್ಲಮ್ಮ ನೋಡೋದು! ಯಾರೋ ಸತ್ರು ಅಂತ ನುಡಿಸ್ತಿದ್ದೆವು. ಯಾರು ಅಂತ ಗೊತ್ತಿರ್ಲಿಲ್ಲ.”

ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಪರದೆ ಮುಚ್ಚಿ ಕೇಳುವ ಆಟವನ್ನು ಈ ಹಿರಿಯರು ಹೊಟ್ಟೆಪಾಡಿಗಾಗಿ ವರ್ಷಗಟ್ಟಲೆ ಆಡಿದ್ದಾರೆ. ಅವರ ಸಾಲಿನಲ್ಲಿ ಕೂತಿದ್ದ ಎಷ್ಟೋ ಜನರ ಹೆಸರು ಟೈಟಲ್ ಕಾರ್ಡಿನಲ್ಲಿ ಬರಲೇ ಇಲ್ಲ. ಹಾಡುಗಳಾದರೂ ತಟ್ಟೆಯಾಗಿ, ಕ್ಯಾಸೆಟ್ಟಾಗಿ ಮನೆಮನೆಗೆ ಹೋದವು. ಹಿನ್ನೆಲೆ ಸಂಗೀತಕ್ಕೆ ಆ ಭಾಗ್ಯ ಸಿಕ್ಕಿದ್ದು ಅಪರೂಪ. ಅದು ಸಿನಿಮಾದ ಸೌಂಡ್ ಟ್ರ್ಯಾಕಿನೊಳಗೆ, ಮಾತು ಮತ್ತು ಬಾಗಿಲ ಸದ್ದುಗಳ ಅಡಿಯಲ್ಲಿ ಸಿಕ್ಕಿಹಾಕಿಕೊಂಡು ಕೂತಿತು. ಬೇಕೆಂದವರು ತಾವೇ ಹಿಡಿದಿಟ್ಟುಕೊಳ್ಳಬೇಕಾಯಿತು.

ಬ್ಯಾಂಕಿನ ಮೇಡಂ ಹಿಡಿದಿಟ್ಟುಕೊಂಡಿದ್ದಾರೆ. ಅವರ ಚೀಲದಿಂದ ಕ್ಯಾಸೆಟ್ಟೊಂದು ಹೊರಬರುತ್ತದೆ, ಲೇಬಲ್ಲಿನ ಮೇಲೆ ನೀಲಿ ಇಂಕಿನ ಮಕ್ಕಳ ಅಕ್ಷರ: ‘ಮಾಲ್ಗುಡಿ’. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬರುವಾಗ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಕೊಂಡದ್ದು. ಅದರ ಸಂಗೀತವೂ ವೈದ್ಯನಾಥನ್ ಅವರದೇ. ಗುಂಡಿ ಒತ್ತಿದ ಕೂಡಲೇ ಎಲ್ಲರಿಗೂ ಪರಿಚಿತವಾದ ಆ ಗುನುಗು ಹೊರಡುತ್ತದೆ, ಪದವಿಲ್ಲದ ದನಿ. ನಡುವೆ ಕುಕ್ಕರ್ ಒಂದು ಸೀಟಿ ಹಾಕುತ್ತದೆ.

“ನಮ್ಮಮ್ಮಂದು,” ಎನ್ನುತ್ತಾರೆ ಮೇಡಂ. “ಈಗ ಎಲ್ಲಿ ಈ ಟ್ಯೂನ್ ಕೇಳಿದ್ರೂ ಅಲ್ಲಿ ಸೀಟಿ ಬರ್ಬೇಕು ಅನ್ಸುತ್ತೆ. ಬರ್ದಿದ್ರೆ ಏನೋ ಬಿಟ್ಟುಹೋಯ್ತು ಅನ್ಸುತ್ತೆ.”

ವೈದ್ಯನಾಥನ್ ವಯೊಲಿನ್ ಮನೆತನದವರು, ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. ಸಿನಿಮಾಕ್ಕೆ ಬಂದದ್ದು ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ. ಅದೇ ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕೂತಿದ್ದವರು ಇಳಯರಾಜ. ಕನ್ನಡ ಸಿನಿಮಾಗಳ ಆರ್‌ಆರ್ ಅವರಿಬ್ಬರಿಗೂ ಪಾಠಶಾಲೆ ಆಗಿತ್ತು ಎಂಬುದನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬೇಕು.

ಮಲ್ಪೆ ಹುಡುಗನ ತಾಳ್ಮೆ ಮುಗಿದಿದೆ. “ಎಲ್ಲ ಸರಿ ಸಾರ್. ಆದ್ರೆ ತಗ್ಗುದು, ನಿಲ್ಸುದು, ಅದೇ ದೊಡ್ಡದಾ? ಜೋರಾಗಿ ಬಾರಿಸ್ಬೇಕಾದಲ್ಲಿ ಬಾರಿಸ್ಬೇಕಲ್ಲ ಮಾರಾಯ್ರೆ?” ಅವನ ಫೋನು ಈಗ ಸ್ಪೀಕರಿಗೆ ಜೋಡಣೆಯಾಗಿದೆ. 2014ರ ‘ಉಳಿದವರು ಕಂಡಂತೆ’, ಬಿ. ಅಜನೀಶ್ ಲೋಕನಾಥ್ ಸಂಗೀತ, ಹುಲಿವೇಷದ ತುಣುಕು. ಜಮಖಾನ ಕಟ್ಟಿದ ಕೋಣೆಯಲ್ಲಿ ತಾಸೆಯ ಪೆಟ್ಟು ಗೋಡೆಯಿಂದ ಗೋಡೆಗೆ ಹೋಗಿ ಬರುತ್ತದೆ. ಮೇಷ್ಟ್ರ ಲೋಟದಲ್ಲಿ ಉಳಿದ ಕಾಫಿಯ ಮೇಲೆ ಸಣ್ಣ ಉಂಗುರಗಳು ಏಳುತ್ತಿವೆ.

“ಅಷ್ಟಮಿ ದಿವ್ಸ ನಮ್ಮ ರಸ್ತೆಯಲ್ಲಿ ತಾಸೆ ಕೇಳುದು ಕಿವಿಯಿಂದ ಅಲ್ಲ ಸಾರ್, ಎದೆಯಿಂದ. ಅದನ್ನ ಮೆತ್ತಗೆ ಮಾಡಿದ್ರೆ ಸುಳ್ಳಾಗ್ತದೆ.”

ಅವನು ಹೇಳಿದ್ದು ನಿಜ, ನಾನು ಅವನ ಕಡೆಗೇ. ಸದ್ದು ಜೋರಿದ್ದ ಮಾತ್ರಕ್ಕೆ ಸಂಗೀತ ಕೆಟ್ಟದ್ದಾಗುವುದಿಲ್ಲ. ಬಸ್ರೂರಿನ ರವಿ ‘ಕೆಜಿಎಫ್’ಗೆ ತಂದ ದಂಡಿನಂಥ ಕೋರಸ್ಸು ಆ ಕಥೆಯ ಅಳತೆಗೆ ತಕ್ಕದ್ದೇ. ತಪ್ಪಾಗುವುದು, ಪರದೆಯ ಮೇಲೆ ಆಗಲೇ ಕಾಣುತ್ತಿರುವುದನ್ನು ಸಂಗೀತ ಮತ್ತೊಮ್ಮೆ ಕೂಗಿ ಹೇಳಿದಾಗ. ಅಳುವವರು ಅಳುತ್ತಿದ್ದಾರೆ, ಅದರ ಮೇಲೆ ಕೊಳಲೂ ಅತ್ತರೆ ನಮಗೆ ಅಳಲು ಏನು ಉಳಿಯಿತು? ಈ ಮಾತಿಗೆ ಮೇಷ್ಟ್ರು ‘ಕಾಂತಾರ’ದ ಉದಾಹರಣೆ ಎತ್ತುತ್ತಾರೆ. ದೈವದ ಆ ಕೂಗು ಬರಿದಾಗಿ ಬಂದಾಗಲೇ ಮೈ ಜುಮ್ಮೆನ್ನುತ್ತದೆ, ಸುತ್ತ ವಾದ್ಯ ತುಂಬಿದಾಗ ಅಷ್ಟು ಆಗುವುದಿಲ್ಲ ಎಂಬುದು ಅವರ ವಾದ. ಮೇಡಂ ಒಪ್ಪುವುದಿಲ್ಲ. ಥಿಯೇಟರಿನಲ್ಲಿ ಕೊನೆಯ ಭಾಗ ಬಂದಾಗ ತಾವು ಕೂತ ಸೀಟಿನ ಕೈಹಿಡಿ ಬಿಡಲಿಲ್ಲ, ಅಲ್ಲಿ ವಾದ್ಯ ಬೇಕೇ ಬೇಕಿತ್ತು ಅನ್ನುತ್ತಾರೆ. ದನಿಗಳು ಏರುತ್ತವೆ. ಜಗಳವೆಂದು ಹೊರಗಿನವರು ಅಂದುಕೊಳ್ಳಬೇಕು, ಹಾಗಿದೆ.

ಅಷ್ಟರಲ್ಲಿ ಮೇಷ್ಟ್ರು ಯಾರನ್ನೂ ಕೇಳದೆ ‘ಚೋಮನ ದುಡಿ’ಯ ಕೊನೆಯ ಭಾಗ ಹಾಕಿದ್ದಾರೆ. 1975. ಕಾರಂತರ ಕಾದಂಬರಿ, ಇನ್ನೊಬ್ಬ ಕಾರಂತರ ನಿರ್ದೇಶನ, ಸಂಗೀತವೂ ಬಿ.ವಿ. ಕಾರಂತರದೇ. ಬೇಸಾಯ ಮಾಡುವ ಆಸೆಯೊಂದನ್ನೇ ಹಿಡಿದು ಬದುಕಿದ ಚೋಮ, ಅದು ಕೈಗೂಡದೆ, ಮಕ್ಕಳನ್ನು ಕಳೆದುಕೊಂಡು, ಗುಡಿಸಲೊಳಗೆ ಹೋಗಿ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ. ಚೋಮನಾದ ವಾಸುದೇವ ರಾವ್ ಮುಖವನ್ನು ಮತ್ತೆ ಹೊದಿಸಿದ ಬೆಡ್‌ಶೀಟು ಮರೆಮಾಡಿದೆ. ಪೆಟ್ಟಿನ ಮೇಲೆ ಪೆಟ್ಟು. ಪಿಟೀಲು ಸಾರ್ ಬೆರಳು ತೊಡೆಯ ಮೇಲೆ ಲೆಕ್ಕ ಹಾಕುತ್ತದೆ, ಸ್ವಲ್ಪ ಹೊತ್ತಿಗೆ ಲೆಕ್ಕ ಬಿಟ್ಟುಬಿಡುತ್ತದೆ. ದುಡಿ ನಿಂತಾಗ ಚೋಮ ಸತ್ತನೆಂದು ಯಾರೂ ಹೇಳಬೇಕಾಗಿಲ್ಲ.

“ಇದು ಹಿನ್ನೆಲೆ ಸಂಗೀತ ಅಲ್ಲ ಸಾರ್,” ಹುಡುಗ ಬಿಡುವುದಿಲ್ಲ. “ಬಾರಿಸುದು ಚೋಮ. ಕಥೆಯೊಳಗಿನ ಸದ್ದು. ಇದನ್ನ ಸಂಗೀತ ನಿರ್ದೇಶಕರ ಲೆಕ್ಕಕ್ಕೆ ಹೇಗೆ ಬರಿತೀರಿ?”

ಉತ್ತರ ಕೊಡುವವಳು ಮೊಮ್ಮಗಳು. “ಹಾಗಂದ್ರೆ ಆ ಹೋಟೆಲ್‌ನವನು? ಅವನೂ ಟೇಪು ತಂದು ತನಗೆ ಬೇಕಾದ್ದು ತಾನೇ ಹಾಕ್ಕೊಂಡ್ನಲ್ಲ. ಇವನಿಗೆ ದುಡಿ, ಅವನಿಗೆ ಟೇಪು. ಇಬ್ಬರಿಗೂ ಅದಿಲ್ದೇ ಆಗಲ್ಲ. ಅದನ್ನ ಎಷ್ಟು ಹೊತ್ತು ಕೇಳಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಯಾರೋ ಕೂತು ಯೋಚ್ನೆ ಮಾಡಿದಾರಲ್ವಾ? ಅದೇ ಸಂಗೀತ.”

ಸಿನಿಮಾ ಸಂಗೀತದ ಬಗ್ಗೆ ನಾನು ಓದಿದ ಎಷ್ಟೋ ಬರಹಗಳಿಗಿಂತ ಈ ಮಾತು ನನಗೆ ಹೆಚ್ಚಿನದು. ಗುಬ್ಬಿ ಕಂಪನಿಯಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಬಿ.ವಿ. ಕಾರಂತರಿಗೆ ರಂಗದ ಮೇಲೆ ಸದ್ದು ಮತ್ತು ಸಂಗೀತದ ನಡುವೆ ಗೋಡೆ ಇರಲೇ ಇಲ್ಲ. ಮುಂದೆ ‘ಋಷ್ಯಶೃಂಗ’ಕ್ಕೆ, ಮರುವರ್ಷವೇ ‘ಘಟಶ್ರಾದ್ಧ’ಕ್ಕೆ ಅವರು ಅತ್ಯುತ್ತಮ ಸಂಗೀತದ ರಾಷ್ಟ್ರಪ್ರಶಸ್ತಿ ಪಡೆದರು. ಎರಡನೆಯದನ್ನು ಕೇಳಿದವರಿಗೆ ಗೊತ್ತು, ಅಲ್ಲಿ ಸಂಗೀತವನ್ನು ಎಷ್ಟು ಕೈಬಿಗಿಹಿಡಿದು ಖರ್ಚು ಮಾಡಿದ್ದಾರೆ ಎಂದು.

ಹುಡುಗಿಗೆ ಅದನ್ನೂ ಕೇಳಬೇಕಂತೆ, ಈಗಲೇ. ಹೊತ್ತು ಆರು ದಾಟಿದೆ, ಮೇಡಂ ಮನೆಯಿಂದ ಫೋನು ಬಂದಾಗಿದೆ. ಆದರೂ ಯಾರೂ ಏಳುವುದಿಲ್ಲ. ಗಿರೀಶ್ ಕಾಸರವಳ್ಳಿಯವರ 1977ರ ಈ ಚಿತ್ರದ ಹೊಸ ಪ್ರತಿ, ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು, ಇಲ್ಲಿಲ್ಲ. ಮೇಷ್ಟ್ರ ಬಳಿ ಇರುವುದು ಹಳೆಯದು, ಕರಕರ ಎನ್ನುವ ಪ್ರತಿ. ಅವರು ಎಲ್ಲರ ಕೈಗೂ ಒಂದೊಂದು ಹಾಳೆ ಕೊಡುತ್ತಾರೆ: ವಾದ್ಯ ಶುರುವಾದ ನಿಮಿಷ ಒಂದು ಕಡೆ, ನಿಂತ ನಿಮಿಷ ಇನ್ನೊಂದು ಕಡೆ ಬರೆಯಿರಿ. ಬೆಡ್‌ಶೀಟು ಮತ್ತೆ ಬೀಳುತ್ತದೆ. ಪೆನ್ಸಿಲುಗಳು ಸರಸರ ಓಡುತ್ತವೆ, ನಿಲ್ಲುತ್ತವೆ.

ಮೊದಲ ಹತ್ತು ನಿಮಿಷಕ್ಕೇ ಪಟ್ಟಿಗಳು ಒಂದಕ್ಕೊಂದು ಹೊಂದುತ್ತಿಲ್ಲ. ಮೇಡಂ ಬರೆದ ಒಂದು ಜಾಗದಲ್ಲಿ ಹುಡುಗ ಏನೂ ಬರೆದಿಲ್ಲ. “ಅದು ಪ್ರಿಂಟಿನ ಗೊರಗೊರ ಮೇಡಂ, ವಾದ್ಯ ಅಲ್ಲ,” ಅನ್ನುತ್ತಾನೆ. “ಅಲ್ಲಪ್ಪ, ಶ್ರುತಿ ಇದೆ, ಸರಿಯಾಗಿ ಕೇಳು,” ಅನ್ನುತ್ತಾರೆ ಮೇಡಂ. ಇಬ್ಬರೂ ಪಿಟೀಲು ಸಾರ್ ಕಡೆ ತಿರುಗುತ್ತಾರೆ. ಅವರ ಹಾಳೆಯಲ್ಲಿ ಆ ನಿಮಿಷದ ಎದುರು ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.

“ಹಿಂದಕ್ಕೆ ಹಾಕಿ ಮೇಷ್ಟ್ರೇ,” ಅನ್ನುತ್ತಾರೆ. “ಇನ್ನೊಂದ್ಸಲ. ಫ್ಯಾನ್ ಆಫ್ ಮಾಡಿ.”