ಎರಡಂಗುಲದ ಲೆಕ್ಕ

ಸೀರೆಯುಟ್ಟು ಜೀಪು ಹತ್ತುವುದು ಒಂದು ವಿದ್ಯೆ. ಎಡಗೈಯಲ್ಲಿ ನೆರಿಗೆ, ಬಲಗೈಯಲ್ಲಿ ಹಿಡಿಕೆ, ಹೆಗಲಲ್ಲಿ ಚೀಲ, ಕೆಳಗೆ ಕೆಸರು. ಯಾವ ಕಾಲನ್ನು ಮೊದಲು ಇಡಬೇಕೆಂದು ಮಲೆನಾಡಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ಅವರೂ ಯಾರನ್ನೂ ಕೇಳುವುದಿಲ್ಲ. ಪೇಟೆಯಲ್ಲಿ ಜೀಪು ಈಗ ಷೋಕಿಯ ಗಾಡಿ; ಕಪ್ಪು ಗಾಜು, ದಪ್ಪ ಟೈರು, ಒಳಗೆ ಎದೆ ನಡುಗಿಸುವ ಹಾಡು. ನನ್ನ ತವರಿನಲ್ಲಿ ಹಾಗಲ್ಲ. ಹೊಸನಗರ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ಎರಡೂವರೆ ಕಿಲೋಮೀಟರು ಒಳಗಿದೆ ನಮ್ಮ ಮನೆ. ನಡುವೆ ಒಂದು ಹಳ್ಳ, ಒಂದು ಕಡಿದಾದ ಏರು. ಆ ದಾರಿಯನ್ನು ನಂಬಿಕೊಂಡು ಮೂರು ಮನೆಗಳು. ಜೂನ್ ಹಿಡಿದು ಅಕ್ಟೋಬರಿನವರೆಗೆ ಆ ಮೂರು ಮನೆಗೂ ಜೀಪೇ ಬಸ್ಸು, ಜೀಪೇ ಆಂಬುಲೆನ್ಸು. ಗೊಬ್ಬರ ಬರುವುದೂ ಅದರಲ್ಲೇ, ಹೊಸ ಮದುಮಗಳು ಬರುವುದೂ ಅದರಲ್ಲೇ.

ಅಣ್ಣನ ಮಗ 2021ರಲ್ಲಿ ಹಳೆಯ ಮಾದರಿಯ ಮಹೀಂದ್ರಾ ಥಾರ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. 2023ರ ಏಪ್ರಿಲ್‌ನಲ್ಲಿ, ಶಾಲೆಗೆ ರಜೆ ಕೊಟ್ಟ ಮೇಲೆ ನಾನು ತವರಿಗೆ ಹೋಗಿದ್ದಾಗ, ಮಜ್ಜಿಗೆ ಲೋಟ ತಂದಿಟ್ಟು ಪಕ್ಕದಲ್ಲಿ ಕುಳಿತ. ಇಷ್ಟು ಉಪಚಾರ ಬಂದರೆ ಹಿಂದೆ ಏನೋ ಇದೆ ಎಂದು ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳಿಗೆ ತಿಳಿಯದೇ?

"ಅತ್ತೆ, ಒಂದು ಲಕ್ಷದ ಇಪ್ಪತ್ತು ಸಾವಿರ ಸಾಲ ಕೊಡ್ತೀರಾ? ಗಾಡಿಗೆ ದೊಡ್ಡ ಟೈರು ಹಾಕಿಸಿ, ಎರಡು ಇಂಚು ಲಿಫ್ಟ್ ಮಾಡಿಸಬೇಕು."

ಷೋಕಿಗೆ ಎಂದಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆ. ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ಹಿಂದಿನ ವರ್ಷದ, 2022ರ ಜುಲೈ ತಿಂಗಳ ಒಂದು ರಾತ್ರಿ. ಮೇಲಿನ ಮನೆಯ ಸೊಸೆಗೆ ಎಂಟನೇ ತಿಂಗಳಿಗೇ ನೋವು ಕಾಣಿಸಿಕೊಂಡಿತು. ಆ ಮಳೆಯಲ್ಲಿ ಇವನೇ ಗಾಡಿ ಹೊರಡಿಸಿದ. ಹಳ್ಳದ ನಡುವೆ ಅಡಿಯಲ್ಲಿ ಕಲ್ಲು ಬಡಿದು ಗಾಡಿ ಕುಳಿತುಬಿಟ್ಟಿತು. ಹಿಂದಿನ ಅಚ್ಚಿನ ನಡುವೆ ಗುಂಡಗೆ ಗಡಿಗೆಯ ಹಾಗಿರುತ್ತದಲ್ಲ, ಡಿಫರೆನ್ಷಿಯಲ್ ಎನ್ನುತ್ತಾರೆ, ಅದು ಕಲ್ಲಿನ ಮೇಲೆ ಕೂತಿತ್ತು. ಹಗ್ಗ ಕಟ್ಟಿ, ನಾಲ್ಕು ಜನ ಸೊಂಟದ ನೀರಿಗಿಳಿದು ಎಳೆದು ದಾಟಿಸುವಾಗ ಅರ್ಧ ಗಂಟೆಯೇ ಕಳೆದಿತ್ತು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ಅರ್ಧ ಗಂಟೆ ಹಿಂದಿನ ಸೀಟಿನಿಂದ ಕೇಳಿದ ಕೂಗು ಇವನ ಕಿವಿಯಿಂದ ಹೋಗಿರಲಿಲ್ಲ.

"ದುಡ್ಡಿನ ಮಾತು ಆಮೇಲೆ. ಮೊದಲು ನನಗೆ ಪಾಠ ಹೇಳು" ಎಂದೆ.

ಟೈರಿನ ಮೈಮೇಲೆ ಬರೆದಿರುವ ಅಂಕಿಗಳನ್ನು ನೀವು ಯಾವತ್ತಾದರೂ ಓದಿದ್ದೀರಾ? ನಾನು ಅದುವರೆಗೆ ಓದಿರಲಿಲ್ಲ. ಇವನ ಗಾಡಿಯಲ್ಲಿ ಇದ್ದದ್ದು 235/70 ಆರ್ 16. ಅಂದರೆ ಟೈರಿನ ಅಗಲ 235 ಮಿಲಿಮೀಟರು. ಅದರ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 70 ಪಾಲು. ಒಳಗಿನ ಕಬ್ಬಿಣದ ರಿಮ್ಮು 16 ಇಂಚು. ಅವನಿಗೆ ಬೇಕಿದ್ದದ್ದು 265/75 ಆರ್ 16. ನಾನು ಸಮಾಜ ವಿಜ್ಞಾನದ ಟೀಚರು. ಆದರೂ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿದೆವು. ಹಳೆಯ ಟೈರಿನ ವ್ಯಾಸ ಸುಮಾರು 735 ಮಿ.ಮೀ., ಹೊಸದರದ್ದು 804. ವ್ಯತ್ಯಾಸ ಹತ್ತಿರ ಹತ್ತಿರ 69.

"ನೋಡಿ ಅತ್ತೆ, ಎರಡೂಮುಕ್ಕಾಲು ಇಂಚು!" ಎಂದು ಹುಡುಗ ಹಿಗ್ಗಿದ.

ನಾನು ಕೈಯಲ್ಲಿದ್ದ ಒಂದು ಬಳೆ ತೆಗೆದು, ಅತ್ತಿಗೆಯ ದೊಡ್ಡ ಅಳತೆಯ ಬಳೆ ಇಸಿದುಕೊಂಡು, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ಹಿಡಿದೆ. ದೊಡ್ಡ ಬಳೆ ಎಷ್ಟು ದೊಡ್ಡದಿದೆಯೋ, ಅದರ ನಡುಬಿಂದು ಅದರ ಅರ್ಧದಷ್ಟೇ ಮೇಲೆ ಹೋಗಿರುತ್ತದೆ. ಅಚ್ಚು ಇರುವುದು ನಡುಬಿಂದುವಿನಲ್ಲಿ. ಕಲ್ಲಿಗೂ ಆ ಗಡಿಗೆಗೂ ನಡುವೆ ಹೆಚ್ಚುವ ಜಾಗ 34 ಮಿ.ಮೀ. ಮಾತ್ರ, ಒಂದೂಕಾಲು ಇಂಚಿಗಿಂತ ತುಸು ಹೆಚ್ಚು. "ಆಯಿತು, ಲಿಫ್ಟ್ ಇದೆಯಲ್ಲ?" ಎಂದ. ಅದರ ಕಥೆ ಇನ್ನೂ ಸ್ವಾರಸ್ಯ. ಲಿಫ್ಟ್ ಎಂದರೆ ಸ್ಪ್ರಿಂಗಿನ ಮೇಲಿರುವ ಮೈಯನ್ನು ಎತ್ತುವುದು. ಇವನ ಗಾಡಿಗೆ ಹಿಂದುಗಡೆ ಲಾರಿಗಿರುವಂತೆ ಪಟ್ಟಿಪಟ್ಟಿಯ ಸ್ಪ್ರಿಂಗು. ಅದಕ್ಕೆ ಇನ್ನೊಂದು ಪಟ್ಟಿ ಸೇರಿಸಿಯೋ, ತೂಗುಕೊಂಡಿಯನ್ನು ಉದ್ದ ಮಾಡಿಯೋ ಮೇಲೇರಿಸುತ್ತಾರೆ. ಹಿಂದಿನ ಅಚ್ಚು ಮಾತ್ರ ಗಾಲಿಯ ಜೊತೆಗೆ ಇದ್ದಲ್ಲೇ ಇರುತ್ತದೆ. ಮಂಚದ ಮೇಲೆ ಇನ್ನೊಂದು ಹಾಸಿಗೆ ಹಾಸಿದರೆ ಮಲಗಿದವರು ಮೇಲೇರುತ್ತಾರೆ, ಮಂಚದ ಕೆಳಗಿನ ಜಾಗ ಹೆಚ್ಚುತ್ತದೆಯೇ? ಆ ರಾತ್ರಿ ಬಡಿದ ಕಲ್ಲಿಗೆ ಲಿಫ್ಟಿನಿಂದ ಒಂದು ನೂಲೆಳೆಯಷ್ಟೂ ಉಪಕಾರವಿಲ್ಲ.

ಹಾಗಾದರೆ ಜನ ಯಾಕೆ ಮಾಡಿಸುತ್ತಾರೆ? ಮುಖ್ಯವಾಗಿ, ದೊಡ್ಡ ಟೈರು ತಿರುವಿನಲ್ಲಿ, ಕುಣಿಯಲ್ಲಿ ಮಡ್‌ಗಾರ್ಡಿಗೆ ಉಜ್ಜದಿರಲಿ ಎಂದು. ಟೈರಿಗಾಗಿ ಲಿಫ್ಟ್, ಲಿಫ್ಟ್ ಮಾಡಿದ ಮೇಲೆ ಬ್ರೇಕಿನ ಪೈಪು ಎಳೆದಂತಾಗುತ್ತದೆಯೇ ನೋಡಬೇಕು, ಹೆಡ್‌ಲೈಟು ಎದುರಿನವರ ಕಣ್ಣಿಗೆ ಬೀಳದಂತೆ ತಗ್ಗಿಸಬೇಕು, ಗಾಲಿಗಳ ಅಲೈನ್‌ಮೆಂಟ್ ಮಾಡಿಸಬೇಕು. ಒಂದು ಸೀರೆ ಕೊಂಡ ತಪ್ಪಿಗೆ ರವಿಕೆ, ಲಂಗ, ಫಾಲ್ಸು ಎಂದು ನಾವು ಅಲೆಯುವುದಿಲ್ಲವೇ, ಹಾಗೆ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳತೊಡಗುತ್ತದೆ. ಮುಳ್ಳು 60 ತೋರಿಸುವಾಗ ಗಾಡಿ ನಿಜವಾಗಿ 65ಕ್ಕಿಂತ ಹೆಚ್ಚು ಓಡುತ್ತಿರುತ್ತದೆ. ಭಾರದ ನಡು ಮೇಲಕ್ಕೆ ಹೋಗುವುದರಿಂದ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ನಮ್ಮ ಘಟ್ಟದ ರಸ್ತೆಗಳಲ್ಲಿ ನೇರ ದಾರಿ ಎಲ್ಲಿದೆ ಹೇಳಿ!

ಅದಕ್ಕೂ ಹಿಂದೆ ಒಮ್ಮೆ ಕೊಡಚಾದ್ರಿಗೆ ಹೋಗಿದ್ದೆ. 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಯಾತ್ರಿಕರನ್ನು ಹತ್ತಿಸುವ ಜೀಪಿನ ದಾರಿಯನ್ನು ಕಂಡವರೇ ಬಲ್ಲರು. ಅದು ದಾರಿಯಲ್ಲ, ಕಲ್ಲುಗಳ ಜಾತ್ರೆ. ನಮ್ಮನ್ನು ಕರೆದೊಯ್ದ ಜೀಪಿಗಿದ್ದದ್ದು ಸಾದಾ ಅಗಲದ ಟೈರು. ದೊಡ್ಡದು ಹಾಕುವುದಿಲ್ಲವೇ ಎಂದು ಅಂದು ಸುಮ್ಮನೆ ಕೇಳಿದ್ದಕ್ಕೆ ಚಾಲಕ, "ಅಕ್ಕಾ, ಟೈರು ದೊಡ್ಡದಾದ್ರೆ ಏರಿನಲ್ಲಿ ಎಳೆಯುವ ಶಕ್ತಿ ಕಮ್ಮಿ ಆಗ್ತದೆ. ನಮಗೆ ಬೇಕಾದ್ದು ಎತ್ತರ ಅಲ್ಲ, ಯಾವ ಕಲ್ಲಿನ ಮೇಲೆ ಗಾಲಿ ಇಡಬೇಕು ಅನ್ನೋ ಅಂದಾಜು" ಎಂದಿದ್ದ. ನಮ್ಮ ಕೆಂಪು ಕೆಸರಿಗೆ ಸಪೂರ ಟೈರೇ ಮೇಲು ಎಂಬುದು ಹಳೆಯ ಚಾಲಕರ ಮಾತು. ಮೇಲಿನ ರಾಡಿಯನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಮುಟ್ಟುತ್ತದಂತೆ. ಮರಳಿನಲ್ಲಾದರೆ ಅಗಲದ್ದೇ ಬೇಕು. ಹೊಸನಗರದಲ್ಲಿ ಮರಳುಗಾಡು ಎಲ್ಲಿಂದ ಬರಬೇಕು?

ಕಾನೂನಿನ ವಿಷಯ ನಾನೇ ತೆಗೆದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನು ಗಾಡಿಯ ಮೂಲ ರಚನೆ ಬದಲಿಸಬಾರದೆನ್ನುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಹ ತಯಾರಕರ ಅಳತೆಯನ್ನು ಮೀರುವಂತಿಲ್ಲ ಎಂದಿದೆ. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ನೋಡುವುದೇ ಅದನ್ನು. "ಎಲ್ಲರೂ ಮಾಡಿಸ್ತಾರೆ ಅತ್ತೆ" ಎಂದು ಗೊಣಗಿದ. ಈ ಮಾತನ್ನು ನಾನು ಪರೀಕ್ಷೆಯ ಕೋಣೆಯಲ್ಲೂ ಕೇಳಿದ್ದೇನೆ.

ಇಷ್ಟೆಲ್ಲ ಆದರೂ ಹುಡುಗನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಒಂದೂಕಾಲು ಇಂಚಾದರೂ ಇಂಚೇ ತಾನೇ, ಆ ರಾತ್ರಿ ಅಷ್ಟೇ ಸಾಕಾಗುತ್ತಿತ್ತೇನೋ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಅಳತೆಯ ಟೇಪು ತೆಗೆದುಕೊಂಡು ಅಂಗಳಕ್ಕಿಳಿದೆ. ಗಾಡಿ ಹತ್ತಲು ಕಾಲಿಡುವ ಪಟ್ಟಿ ನೆಲದಿಂದ 18 ಇಂಚು ಇತ್ತು. ಟೈರು, ಲಿಫ್ಟ್ ಎರಡೂ ಸೇರಿದರೆ 21ರ ಮೇಲೆ. ಅಮ್ಮನಿಗೆ ಆಗ 84 ವರ್ಷ. ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರರ ಬಳಿಗೆ ಶಿವಮೊಗ್ಗಕ್ಕೆ ಹೋಗಬೇಕು. 18 ಇಂಚಿಗೇ ಅವಳಿಗೆ ಸ್ಟೂಲು ಬೇಕು, ಒಬ್ಬರು ಮೇಲಿಂದ ಎಳೆಯಬೇಕು, ಒಬ್ಬರು ಕೆಳಗಿಂದ ಆನಿಸಬೇಕು. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮ್ಮ, "ನನ್ನ ಸಲುವಾಗಿ ಗಾಡಿ ತಗ್ಗಿಸೋದು ಬೇಡ ಮಾರಾಯ್ತಿ. ನಾನು ಇನ್ನೆಷ್ಟು ದಿನ?" ಎಂದಳು. ಹುಡುಗನ ಮುಖ ಚಿಕ್ಕದಾಯಿತು.

ಆಗ ಮಾತಾಡಿದವಳು ಅತ್ತಿಗೆ. ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು ಅಷ್ಟೆ. "ಅವತ್ತು ರಾತ್ರಿ ಅವಳನ್ನು ಗಾಡಿ ಹತ್ತಿಸಿದವಳು ನಾನು. ನೀನು ಮುಂದೆ ಸ್ಟೇರಿಂಗ್ ಹಿಡಿದು ಕೂತಿದ್ದೆ, ನಿನಗೆ ಕಾಣಲಿಲ್ಲ. ಎರಡು ಸಲ ಅವಳ ಕಾಲು ಜಾರಿತು. ಮೂರನೇ ಸಲ ನನ್ನ ಮಂಡಿ ಮೇಲೆ ಕಾಲಿಟ್ಟು ಹತ್ತಿದಳು. ಇನ್ನೂ ಮೂರು ಇಂಚು ಮೇಲಿದ್ದಿದ್ದರೆ ಅವಳನ್ನು ಹತ್ತಿಸೋದು ನನ್ನಿಂದ ಆಗ್ತಿರಲಿಲ್ಲ."

ಒಂಬತ್ತು ತಿಂಗಳು ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಎನ್ನುವುದೇ ಸರಿ. ಕಲ್ಲು ಬಡಿದದ್ದು ಊರಿಗೆಲ್ಲ ಗೊತ್ತಿತ್ತು, ಹತ್ತಿಸಿದ್ದು ಗೊತ್ತಿರಲಿಲ್ಲ.

ಹುಡುಗ ಕ್ಯಾಲೆಂಡರಿನ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ತೋಟಕ್ಕೆ ಹೋದ. ಸಂಜೆ ಬಂದವನೇ ಬೇರೆ ಲೆಕ್ಕ ತೆಗೆದ. ಅಳತೆ ಹಳೆಯದೇ ಇರಲಿ, ಹಲ್ಲು ಒಳ್ಳೆಯದಿರುವ ಟೈರು ಸಾಕು. ಟೈರಿನಲ್ಲಿ ಮೂರು ಜಾತಿಯಂತೆ: ಡಾಂಬರಿಗೆ ಎಚ್‌ಟಿ, ಕೆಸರಿಗೆ ಎಂಟಿ, ಎರಡಕ್ಕೂ ಹೊಂದುವ ಎಟಿ. ಎಂಟಿಯ ಹಲ್ಲು ದೊಡ್ಡದು, ಕೆಸರಿನಲ್ಲಿ ಗಟ್ಟಿ ಹಿಡಿತ. ಆದರೆ ಡಾಂಬರಿನ ಮೇಲೆ ಗಿರಣಿಯ ಹಾಗೆ ಗುಯ್‌ಗುಡುತ್ತದೆ, ನೆನೆದ ಡಾಂಬರಿನಲ್ಲಿ ಬ್ರೇಕಿಗೆ ಅಷ್ಟು ನೆಚ್ಚಿಗೆಯಲ್ಲ. ನಮ್ಮದು ಎರಡೂವರೆ ಕಿಲೋಮೀಟರು ಕೆಸರು, ಆಮೇಲೆ ಶಿವಮೊಗ್ಗದವರೆಗೂ ಡಾಂಬರು. ಎಟಿಯೇ ಸರಿ ಎಂದಾಯಿತು. ತೀರಾ ರಾಡಿಯಿದ್ದ ದಿನ ಗಾಳಿ ಸ್ವಲ್ಪ ಇಳಿಸಿಕೊಂಡು, ಡಾಂಬರಿಗೆ ಬಂದೊಡನೆ ಕಾಲಿನಿಂದ ಒತ್ತುವ ಪಂಪಿನಲ್ಲಿ ತುಂಬಿಕೊಳ್ಳುವುದು. ಉಳಿದದ್ದು ಹಳ್ಳದ ಕಲ್ಲು. ಮೋರಿಗೆಂದು ಕೊಟ್ಟ ಅರ್ಜಿಗೆ ಮೂರು ವರ್ಷವಾಗಿತ್ತು. ಮೂರು ಮನೆಯವರೂ ಸೇರಿ ಒಂದು ದಿನಕ್ಕೆ ಜೆಸಿಬಿ ಕರೆಸಿ ಆ ಕಲ್ಲನ್ನು ಎಬ್ಬಿಸಿ ದಡಕ್ಕೆ ಹಾಕಿಸಿದರು, ಸಿಮೆಂಟಿನ ಪೈಪು ಕೂರಿಸಿದರು. ನಾನು ಕೊಟ್ಟದ್ದು 60,000.

ಆ ವರ್ಷ ಮಳೆಯೇ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಬರಗಾಲ ಘೋಷಿಸಿತು. ಹೊಸ ಟೈರಿಗೆ ನೋಡೋಣವೆಂದರೂ ನೆಟ್ಟಗೆ ಕೆಸರು ಸಿಗಲಿಲ್ಲ. 2024ರ ಜುಲೈನಲ್ಲಿ ಎಲ್ಲ ಸೇರಿಸಿ ಸುರಿಯಿತು. ಹಳ್ಳದಲ್ಲಿ ಗಾಡಿ ನಿಲ್ಲಲಿಲ್ಲ. ಆದರೆ ಕಡಿದಾದ ಏರಿನಲ್ಲಿ ಎರಡು ದಿನ ಜಾರಿತು. ಆಗ ನಮ್ಮ ಅಪ್ಪನ ಕಾಲದ ಕಬ್ಬಿಣದ ಸರಪಳಿಯನ್ನು ಕೊಟ್ಟಿಗೆಯಿಂದ ತಂದು ಹಿಂದಿನ ಗಾಲಿಗೆ ಸುತ್ತಿ ಹತ್ತಿಸಿದರಂತೆ. ಹುಡುಗ ಫೋನಿನಲ್ಲಿ ಹೇಳಿದ. ನನ್ನ ಸಾಲದಲ್ಲಿ ಅರ್ಧ ತೀರಿಸಿದ್ದ. ಉಳಿದದ್ದು ಅಡಿಕೆ ಕೊಯ್ಲಾದ ಮೇಲೆ ಎಂದ.