ಐವತ್ತರ ನೋಟಿನಿಂದ ಶುರು

ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳ, ನೆತ್ತಿ ಸುಡುವ ಬಿಸಿಲು. ಬ್ಯಾಟರಿ ಗಾಡಿಯಿಂದ ಇಳಿದ ಶಾಲೆ ಮಕ್ಕಳು ಕಲ್ಲಿನ ರಥದ ಮುಂದೆ ಗಲಗಲ ಅನ್ನುತ್ತಿದ್ದರು. ಗೈಡ್ ಇಸವಿ ಹೇಳಲಿಲ್ಲ, ರಾಜನ ಹೆಸರೂ ಎತ್ತಲಿಲ್ಲ. ‘ಯಾರ ಹತ್ರ ಐವತ್ತರ ಹೊಸ ನೋಟೈತಿ? ತೆಗೀರಿ’ ಅಂದರು, ಅಷ್ಟೇ.

2017ರಲ್ಲಿ ಬಂದ ಆ ನೋಟಿನ ಹಿಂಬದಿಯಲ್ಲಿ ಇದೇ ರಥ. ಗದ್ದಲ ತಣ್ಣಗಾಯಿತು.

ಆಮೇಲೆ ಒಂದೊಂದೇ ಗಂಟು ಬಿಚ್ಚಿದರು. ಇದು ಎಳೆಯುವ ತೇರಲ್ಲ, ಗರುಡನ ಗುಡಿ. ಈಗ ಮುಂದೆ ನಿಂತಿರುವುದು ಆನೆಗಳು, ಆದರೆ ಅವುಗಳ ಹಿಂದೆ ಉಳಿದಿರುವ ಬಾಲ ಮಾತ್ರ ಕುದುರೆಯದು! 1856ರಲ್ಲಿ ಗ್ರೀನ್‌ಲಾ ಎಂಬುವರು ತೆಗೆದ ಫೋಟೊದಲ್ಲಿ ರಥದ ಮೇಲೊಂದು ಇಟ್ಟಿಗೆಯ ಗೋಪುರವೂ ಇದೆ. ಕೃಷ್ಣದೇವರಾಯನ ಹೆಸರು ಬಂದದ್ದು ಕೊನೆಗೆ, ಅದೂ ಮಕ್ಕಳೇ ‘ಕಟ್ಟಿಸಿದ್ದು ಯಾರು ಸರ್?’ ಅಂತ ಕೇಳಿದ ಮೇಲೆ.

ಊರಿನ ಸಭೆಗಳಲ್ಲಿ ಇದಕ್ಕೆ ಉಲ್ಟಾ: ಭಾಷಣಕಾರರು ‘ವೇದಿಕೆಯ ಮೇಲೆ ಆಸೀನರಾಗಿರುವ’ವರ ಪಟ್ಟಿ ಮುಗಿಸುವಷ್ಟರಲ್ಲಿ ಅರ್ಧ ಜನ ಟೀ ಕುಡಿಯಲು ಎದ್ದಿರುತ್ತಾರೆ. ಈ ಗೈಡ್ ಕೈಯಲ್ಲಿ ಚೀಟಿಯೂ ಇರಲಿಲ್ಲ, ಮೈಕೂ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮಾತ್ರ ತಲೆಯಲ್ಲಿ ಪಕ್ಕಾ ಇತ್ತು.

ಹಂಪಿ ನೋಡಿದವರೇ, ನಿಮ್ಮ ಗೈಡ್ ಎಲ್ಲಿಂದ ಶುರು ಮಾಡಿದ್ದರು?