ಕೈ ಎತ್ತುವ ಮೊದಲಿನ ಹತ್ತು ನಿಮಿಷ

ನಮ್ಮೂರಲ್ಲಿ ಅಪ್ಪನ ಬಗ್ಗೆ ಎಲ್ಲರೂ ಹೇಳ್ತಿದ್ದದ್ದು ಒಂದೇ ಮಾತು: "ಮೂಗಿನ ತುದೀಲಿ ಸಿಟ್ಟು, ಮನಸ್ಸು ಮಾತ್ರ ಬೆಣ್ಣೆ." ಆ ಬೆಣ್ಣೆ ಮನಸ್ಸಿನ ಮನುಷ್ಯ ಸಂತೆ ದಿನ ಕುಡಿದು ಬಂದರೆ ನಾನೂ ತಂಗಿಯೂ ರಾಗಿ ಮೂಟೆಗಳ ಹಿಂದೆ ಕಿವಿ ಮುಚ್ಚಿ ಕೂರುತ್ತಿದ್ದೆವು. ಮರುದಿನ ಅಮ್ಮ, "ಬಚ್ಚಲಲ್ಲಿ ಜಾರಿ ಬಿದ್ದೆ" ಅಂತಿದ್ಲು. ಊರಿಗೆಲ್ಲ ಗೊತ್ತಿತ್ತು. ಹುಟ್ಟುಗುಣ, ಏನ್ ಮಾಡೋಕಾಗುತ್ತೆ ಅಂತ ಸುಮ್ಮನಿದ್ದರು.

ನಾನು ಹಾಗಾಗಲ್ಲ ಅಂದುಕೊಂಡೇ ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ಕುಡಿಯಲ್ಲ, ಯಾರಿಗೂ ಹೊಡೆದವನಲ್ಲ. ಆದರೆ ಎರಡು ವರ್ಷದ ಹಿಂದೆ, ಪ್ರೊಡಕ್ಷನ್ ಇಶ್ಯೂ ಅಂತ ಮೂರು ರಾತ್ರಿ ನಿದ್ದೆಗೆಟ್ಟಿದ್ದ ಒಂದು ಬೆಳಗ್ಗೆ, ಸಣ್ಣದೊಂದು ಮಾತಿಗೆ ಮೊಬೈಲನ್ನು ಗೋಡೆಗೆ ಬೀಸಿ ಹೆಂಡತಿಯ ಮೇಲೆ ಕೈ ಎತ್ತಿಬಿಟ್ಟೆ. ಕೈ ಗಾಳಿಯಲ್ಲೇ ನಿಂತಿತು. ಮಗಳು ಸೋಫಾ ಹಿಂದೆ ಕಿವಿ ಮುಚ್ಚಿ ಕೂತಿದ್ದಳು.

"ಸಾರಿ ಎಲ್ಲ ಬೇಡ, ಯಾರಿಗಾದ್ರೂ ತೋರಿಸ್ಕೊಳ್ಳಿ" ಅಂದಳು ಹೆಂಡತಿ. "ನಂಗೇನು ಹುಚ್ಚಾ?" ಅಂತ ರೇಗಿದೆ. ವಾರದ ನಂತರ ಹೋದೆ.

ಸಿಟ್ಟು ಯಾಕೆ ಬಂತು ಅಂತ ಕೌನ್ಸೆಲರ್ ಕೇಳಲಿಲ್ಲ. ಅದಕ್ಕೆ ಮೊದಲಿನ ಹತ್ತು ನಿಮಿಷ ಏನಾಯ್ತು ಅಂತ ಬರೆಯಲು ಹೇಳಿದರು. ಬರೆದೆ: ನಿದ್ದೆ ಇಲ್ಲ, ತಿಂಡಿ ಇಲ್ಲ, ಹಲ್ಲು ಕಚ್ಚಿಕೊಂಡಿದ್ದೆ, ದನಿ ಏರಿತ್ತು. ಸರ್ವರ್ ಬಿದ್ದ ಮೇಲೆ ಓಡೋದಲ್ಲ, ಡಿಸ್ಕ್ ತುಂಬುವಾಗಲೇ ಅಲರ್ಟ್ ಇಡಬೇಕು ಅನ್ನೋದು ನನ್ನ ದಿನದ ಕೆಲಸ. ನನ್ನ ಮೈಗೆ ಮಾತ್ರ ಒಂದೂ ಅಲರ್ಟ್ ಇಟ್ಟಿರಲಿಲ್ಲ. ಈಗ ದನಿ ಏರಿದರೆ ಮನೆಯಿಂದ ಹೊರಗೆ ಹೋಗಿ ಒಂದು ಸುತ್ತು ನಡೆದು ಬರ್ತೀನಿ.

ಇದು ಹೊಡೆಯುವವರಿಗೆ ಕೊಡುವ ರಿಯಾಯಿತಿ ಅಲ್ಲ. ಅವರಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ, ಇರಬೇಕು. ಮಾನಸಿಕ ಕಾಯಿಲೆ ಇರುವವರೆಲ್ಲ ಹೊಡೆಯುವವರೂ ಅಲ್ಲ. ಅವರಲ್ಲಿ ಬಹುಪಾಲು ಜನ ಯಾರ ತಂಟೆಗೂ ಹೋಗುವವರಲ್ಲ. ಆದರೆ ಕಾನೂನು ಸಾಮಾನ್ಯವಾಗಿ ಏಟು ಬಿದ್ದ ಮೇಲೆ ಬರುತ್ತೆ. ಅದಕ್ಕೂ ಮುಂಚೆ ಕುಡಿತ, ನಿದ್ದೆಗೇಡು, ಚಿಕ್ಕಂದಿನಲ್ಲಿ ಕಂಡ ಹೊಡೆತ, ಇವಕ್ಕೆಲ್ಲ ಮದ್ದು ಮಾಡಬಹುದು.

1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಊರ ಕಡೆಯ ಸರ್ಕಾರಿ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಮನೋಚಿಕಿತ್ಸೆ ನಡೆಸಿ ತೋರಿಸಿದ್ದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. 2022ರಿಂದ ಟೆಲಿ ಮಾನಸ್ ಇದೆ: 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯೋದು ನಿಲ್ಲಿಸಿ ಕೇಳಿದಳು: "ಹಂಗಾದ್ರೆ ನಿಮ್ಮಪ್ಪಂಗೂ ಆವತ್ತು ತೋರಿಸ್ಬೋದಿತ್ತೇನೋ, ಮಗಾ?"

ಅಪ್ಪ ಹೋಗಿ ಒಂಬತ್ತು ವರ್ಷ. ನಾನೂ ಒಂದಷ್ಟು ಕಾಯಿ ಎಳೆದುಕೊಂಡು ಸುಲಿಯತೊಡಗಿದೆ.